ಕಲ್ಲು ಕೊಡಲಿಯಿಂದ ಟಂಗ್‌ಸ್ಟನ್ ಕಡ್ಡಿತನಕ ಸಾಣಿ ಕಥಿ

ಇವತ್ತು ಭತ್ತ, ಗೊಬ್ಬರದ ಮಾತು ಬ್ಯಾಡ. ನಮ್ಮ ಬಳಗಾನೂರು ಕಡೆ ಸ್ಟೀಲ್, ಅಲ್ಯುಮಿನಿಯಂ ಬೆಸೆಯಾಕ ಆರ್ಗಾನ್ ವೆಲ್ಡಿಂಗ್ ಬಂದೈತಿ. ಅದರ ಟಂಗ್‌ಸ್ಟನ್ ಕಡ್ಡಿಗೆ ಸಾಣಿ ಹಿಡಿಯೋ ಬಗ್ಗೆ ಬರೀತೀನಿ. ಇದರಾಗ ನಮ್ಮ ಹುಡುಗರ ಎದಿ-ಉಸಿರಿನ ವಿಚಾರ ಐತಿ.

ಸಾಣಿ ನಮ್ಮ ಸೀಮಿಗೆ ಹೊಸದಲ್ಲ. ಮಸ್ಕಿಯಾಗ, ಲಿಂಗಸುಗೂರು ಕಡೆ ಪಿಕ್ಲಿಹಾಳದಾಗ ನವಶಿಲಾಯುಗದ ನುಣುಪು ಕಲ್ಲು ಕೊಡಲಿ ಸಿಕ್ಕಾವ. ಪಿಕ್ಲಿಹಾಳದಾಗ 1952ರಲ್ಲಿ ಆಲ್ಚಿನ್ ಸಾಹೇಬ್ರು ಉತ್ಖನನ ಮಾಡಿದ್ರು. ಬಳ್ಳಾರಿ ಹತ್ರ ಸಂಗನಕಲ್ಲು ಗುಡ್ಡದಾಗ ಕೊಡಲಿ ತಿಕ್ಕಿ ತಿಕ್ಕಿ ಬಿದ್ದ ತಗ್ಗು ಬಂಡಿ ಮ್ಯಾಲೆ ಇನ್ನೂ ಅದಾವ. ಬಂಡಿನೇ ಅವರ ಸಾಣಿ ಮಷಿನ್.

ಟಂಗ್‌ಸ್ಟನ್ ಅಂದ್ರ ಸ್ವೀಡನ್ ಭಾಷೆಯಾಗ 'ಭಾರದ ಕಲ್ಲು'. 1783ರಲ್ಲಿ ಸ್ಪೇನಿನ ಎಲುಯಾರ್ ಅಣ್ಣತಮ್ಮರು ಈ ಲೋಹ ಬೇರೆ ಮಾಡಿದ್ರು. ಅದು ಕರಗೋದು ಸುಮಾರು 3,400 ಡಿಗ್ರಿಗೆ. ಅದಕ್ಕ ಬೆಂಕಿ ತಡಕೊಂಡು ನಿಲ್ಲತೈತಿ. ಎರಡನೇ ಮಹಾಯುದ್ಧದ ಹೊತ್ತಿನಾಗ ಅಮೆರಿಕದ ನಾರ್ತ್‌ರಾಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್, ಮೆಗ್ನೀಷಿಯಂ ಬೆಸೆಯಾಕ ಟಂಗ್‌ಸ್ಟನ್ ಕಡ್ಡಿ, ಹೀಲಿಯಂ ಗಾಳಿ ಬಳಸಿ ಈ ವಿದ್ಯೆ ತಂದ. ಮುಂದ ಹೀಲಿಯಂ ಜಾಗಕ್ಕ ಆರ್ಗಾನ್ ಹೆಚ್ಚು ಬಂತು.

ಈಗ ಸಾಣಿ. ನಮ್ಮ ಹುಡುಗರು ಕಡ್ಡಿನ ಡ್ರಿಲ್ ಮಷಿನ್ ಚಕ್‌ನಾಗ ಸಿಗಿಸಿ, ನಿಧಾನ ತಿರುಗಿಸಿ ಗ್ರೈಂಡರ್ ಕಲ್ಲಿಗೆ ಹಿಡೀತಾರ. ಉಪಾಯ ಚಲೋ ಐತಿ. ಆದ್ರ ಗೆರಿ ಕಡ್ಡಿಯ ಉದ್ದಕ್ಕ ಬೀಳಬೇಕು. ಅಡ್ಡ ಬಿದ್ರ ಬೆಂಕಿ ಅತ್ತಿತ್ತ ಓಡತೈತಿ. ಮೊನೆಯ ಉದ್ದ ಕಡ್ಡಿ ದಪ್ಪದ ಎರಡು-ಎರಡೂವರೆ ಪಟ್ಟು ಸಾಕು. ಕುಡುಗೋಲು, ಗುದ್ದಲಿ ತಿಕ್ಕಿದ ಕಲ್ಲಿಗೆ ಕಡ್ಡಿ ಹಚ್ಚಬ್ಯಾಡ್ರಿ, ಕಬ್ಬಿಣ ಮೊನೆಗೆ ಹತ್ತಿ ಬೆಸುಗಿ ಕೆಡತೈತಿ. ಅದಕ್ಕ ಒಂದು ಡೈಮಂಡ್ ವೀಲ್ ಬ್ಯಾರೆನೇ ಇಡ್ರಿ.

ಇನ್ನ ಮುಖ್ಯ ಮಾತು. ಕೆಂಪು ಬಣ್ಣದ ತುದಿ ಇರೋ ಕಡ್ಡಿಯಾಗ ಸುಮಾರು ನೂರಕ್ಕ ಎರಡು ಪಾಲು ಥೋರಿಯಂ ಆಕ್ಸೈಡ್ ಇರತೈತಿ. ಕೇರಳದ ಕಡಲ ಮರಳಿನಾಗ ಸಿಗೋ ಥೋರಿಯಂ ಇದೇ, ವಿಕಿರಣ ಬಿಡೋ ಧಾತು. ಕಡ್ಡಿ ಕೈಯಾಗ ಹಿಡಿದ್ರ ಅಷ್ಟು ಭಯ ಇಲ್ಲ. ಸಾಣಿ ಹಿಡಿಯುವಾಗ ಏಳೋ ಧೂಳು ಶ್ವಾಸಕೋಶಕ್ಕ ಹೋದ್ರ ಅಲ್ಲೇ ಕುಂತು ಕೆಡಕು ಮಾಡತೈತಿ. ಟವೆಲ್ ಕಟ್ಟಿಕೊಂಡ್ರ ಸಾಲದು, ಒಳ್ಳೆ ಮಾಸ್ಕ್ ಹಾಕ್ರಿ. ಧೂಳನ್ನ ಕಂಪ್ರೆಸರ್‌ನಿಂದ ಊದಬ್ಯಾಡ್ರಿ, ಹಸಿ ಬಟ್ಟಿಯಿಂದ ಒರೆಸ್ರಿ. ಇನ್ನೂ ಚಲೋ ಅಂದ್ರ ಬಂಗಾರ ಬಣ್ಣ ಅಥವಾ ನೀಲಿ ತುದಿಯ ಲ್ಯಾಂಥನಂ ಕಡ್ಡಿ ತರ್ರಿ, ಕೆಲಸನೂ ಆಗತೈತಿ, ಥೋರಿಯಂ ಕಾಟನೂ ಇಲ್ಲ.

ಕಲ್ಲು ಕೊಡಲಿ ತಿಕ್ಕಿದವರಿಗೆ ಕಲ್ಲಿನ ಗುಣ ಗೊತ್ತಿತ್ತು. ನಮಗೂ ಕೈಯಾಗಿನ ಕಡ್ಡಿಯ ಗುಣ ಗೊತ್ತಿರಬೇಕು. ನಿಮ್ಮೂರ ವೆಲ್ಡಿಂಗ್ ಹುಡುಗರಿಗೂ ಇದನ್ನ ಓದಿ ಹೇಳ್ರಿ.