ಕಲ್ಪತರು ನಾಡಿನ ಕಥೆಗಳು: ಕೂಡಿಕೆ, ಕೋರ್ಟು ಮತ್ತು ತವರಿಗೆ ವಾಪಸ್ ಬಂದ ಮಗಳು

(1/3)

ತುಮಕೂರಿನ ಹತ್ತಿರದ ಕೈದಾಳ ನೋಡಿರ್ತೀರಿ. ಜಕಣಾಚಾರಿ, ಡಂಕಣಾಚಾರಿ, ಕಲ್ಲೊಳಗಿನ ಕಪ್ಪೆ, ಕಡಿದುಕೊಂಡ ಕೈ. ಈ ಐತಿಹ್ಯ ನಮಗೆಲ್ಲ ಬಾಯಿಪಾಠ. ಆದ್ರೆ ಅದು ಶುರುವಾಗೋದು ಒಂದು ಸಂಸಾರ ಒಡೆಯೋದರಿಂದ. ಶಿಲ್ಪದ ಹುಚ್ಚಲ್ಲಿ ಆತ ಹೆಂಡತಿಯನ್ನ ಬಿಟ್ಟು ಹೊರಟ. ಮಗ ಬೆಳೆದು ಅಪ್ಪನನ್ನ ಹುಡುಕಿ ಹೋಗೋವರೆಗೂ ಆಕೆ ಹೇಗೆ ಬದುಕಿದಳು? ಕಥೆ ಅದನ್ನ ಹೇಳಲ್ಲ.

ಇವತ್ತು ಆ ಹೇಳದೇ ಬಿಟ್ಟ ಭಾಗದ ಬಗ್ಗೆ. ಮದುವೆ ಮುರಿದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನಮ್ಮ ಹಿಂದಿನವರು ಏನು ಮಾಡ್ತಿದ್ರು?

"ಡೈವೋರ್ಸ್ ಎಲ್ಲಾ ಫಾರಿನ್ನವರಿಂದ ಬಂದಿದ್ದು" ಅಂತ ಹೇಳೋರು ಇದನ್ನ ಓದಿ. ಇಂಗ್ಲೆಂಡಿನಲ್ಲಿ 1857ರ ಕಾನೂನು ಬರೋವರೆಗೂ ವಿಚ್ಛೇದನ ಪಡೆದು ಮತ್ತೆ ಮದುವೆಯಾಗಬೇಕು ಅಂದ್ರೆ ಪಾರ್ಲಿಮೆಂಟೇ ಆ ಒಬ್ಬ ವ್ಯಕ್ತಿಗಾಗಿ ಒಂದು ಕಾಯ್ದೆ ಪಾಸು ಮಾಡಬೇಕಿತ್ತು! ದುಡ್ಡಿದ್ದವರಿಗೆ ಮಾತ್ರ ಆಗ್ತಿದ್ದ ಕೆಲಸ.

ನಮ್ಮ ಮೈಸೂರು ಸೀಮೆಯಲ್ಲಿ? ಎಚ್.ವಿ. ನಂಜುಂಡಯ್ಯ (ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ) ಶುರು ಮಾಡಿದ ಜನಾಂಗ ಸಮೀಕ್ಷೆಯನ್ನ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದ್ರು. 1928ರಿಂದ 1935ರ ನಡುವೆ ಅದು ಸಂಪುಟಗಳಾಗಿ ಬಂತು. ಅದರಲ್ಲಿ ಬೇಸಾಯ, ಕುರಿ ಸಾಕಣೆ, ಕೂಲಿ ಮಾಡಿ ಬದುಕೋ ಎಷ್ಟೋ ಜಾತಿಗಳ ಬಗ್ಗೆ ಒಂದೇ ಥರದ ಮಾತು ಸಿಗುತ್ತೆ. ಹೊಂದಾಣಿಕೆ ಆಗದಿದ್ರೆ ಕುಲದ ಹಿರಿಯರ ಮುಂದೆ ಬಿಡುಗಡೆ. ಆಮೇಲೆ ಬೇಕಾದ್ರೆ ಇನ್ನೊಂದು ಮದುವೆ. ಆ ಎರಡನೇ ಮದುವೆಗೆ ಹೆಸರು ಕೂಡಿಕೆ, ಕೆಲವು ಕಡೆ ಉಡಿಕೆ, ಸೀರುಡಿಕೆ. ಹೊಸ ಸೀರೆ ಕೊಟ್ಟು ಉಡಿಸೋದೇ ಮುಖ್ಯ ಶಾಸ್ತ್ರ.

ನಮ್ಮ ಮುತ್ತಜ್ಜಿಯರ ಕಾಲಕ್ಕೆ ಇದಕ್ಕೊಂದು ಹೆಸರಿತ್ತು, ಒಂದು ದಾರಿ ಇತ್ತು ಅನ್ನೋದು ಸಣ್ಣ ವಿಷಯ ಅಲ್ಲ.

(2/3)

ಹಾಗಂತ "ಆಗ ಎಲ್ಲಾ ಚೆನ್ನಾಗಿತ್ತು" ಅನ್ನೋ ಹಂಗಿಲ್ಲ.

ಆಗ ವರದಕ್ಷಿಣೆ ಅಲ್ಲ, ತೆರ ಇತ್ತು. ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ಹಣ ಕೊಡಬೇಕು. ಮದುವೆ ಮುರಿದ್ರೆ ಆ ತೆರ, ಮದುವೆ ಖರ್ಚು ವಾಪಸ್ ಮಾಡೋ ಲೆಕ್ಕ ಬರ್ತಿತ್ತು. ಮಾತುಕತೆ ಅವಳ ನೋವಿನ ಬಗ್ಗೆ ಅಲ್ಲ, ದುಡ್ಡಿನ ಬಗ್ಗೆ. ಕೂಡಿಕೆಗೆ ವಾಲಗ, ಚಪ್ಪರದ ಸಡಗರ ಇಲ್ಲ, ಮುತ್ತೈದೆಯರು ದೂರ. ಕೂಡಿಕೆಯಾದವಳನ್ನ ಬೇರೆಯವರ ಮದುವೆ ಶಾಸ್ತ್ರಕ್ಕೆ ಮುಂದೆ ಕರೀತಿರಲಿಲ್ಲ. ಕೆಲವು ಕುಲಗಳಲ್ಲಿ ಅವರ ಮಕ್ಕಳದ್ದೇ ಬೇರೆ 'ಸಾಲು'. ಬದುಕೋಕೆ ಬಿಟ್ಟರು, ಮರೆಯೋಕೆ ಬಿಡಲಿಲ್ಲ.

ಆಮೇಲೆ ಇರೋ ದಾರಿಯೂ ಮುಚ್ಚುತ್ತಾ ಬಂತು. ಎಂ.ಎನ್. ಶ್ರೀನಿವಾಸ್ ಅವರ ಮೊದಲ ಪುಸ್ತಕ ಬಂದಿದ್ದು 1942ರಲ್ಲಿ, ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆಯೇ. ಮೇಲೆ ಬರಬೇಕು ಅನ್ನೋ ಕುಲಗಳು ಮೇಲ್ಜಾತಿಯವರ ಪದ್ಧತಿ ಹಿಡಿಯೋದನ್ನ ಅವರು ಗಮನಿಸಿದ್ರು. ಇದನ್ನೇ ಮುಂದೆ 'ಸಂಸ್ಕೃತೀಕರಣ' ಅಂದ್ರು. ತೆರ ಹೋಗಿ ವರದಕ್ಷಿಣೆ ಬಂತು, ಕೂಡಿಕೆ ನಾಚಿಕೆ ವಿಷಯ ಆಯ್ತು. "ನಮ್ಮ ಮನೆತನದಲ್ಲಿ ಇಂಥದ್ದೆಲ್ಲ ಇಲ್ಲ" ಅನ್ನೋ ಮಾತು ಕೇಳಿರ್ತೀರಲ್ಲ? ಎಷ್ಟೋ ಮನೆತನಗಳಲ್ಲಿ ಅದು ತೀರಾ ಹಳೇ ಮಾತೇನಲ್ಲ.

ಇನ್ನು ಕಾನೂನು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ತಂದಿತು. ಆಸ್ತಿ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಮಗಳಿಗೆ ಭಾಗ. ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದ್ರೆ ಪಟ್ಟಿಯನ್ನ ಇನ್ನೊಂದ್ಸಲ ಓದಿ. ಮದುವೆಯಾಗಿ, ಅದು ಮುರಿದು, ತವರಿಗೆ ವಾಪಸ್ ಬಂದ ಮಗಳು ಅದರಲ್ಲಿ ಎಲ್ಲಿದ್ದಾಳೆ?

1955ರ ಹಿಂದೂ ವಿವಾಹ ಕಾಯ್ದೆ ಕೋರ್ಟಿನ ವಿಚ್ಛೇದನ ತಂತು. ಸೆಕ್ಷನ್ 29(2) ಹಳೇ ರೂಢಿಯ ಬಿಡುಗಡೆಯನ್ನೂ ಉಳಿಸಿತು (ರೂಢಿ ಇತ್ತು ಅಂತ ಸಾಬೀತು ಮಾಡಬೇಕು). ಇಬ್ಬರೂ ಒಪ್ಪಿ ಬೇರೆಯಾಗೋ ಅವಕಾಶ ಬಂದಿದ್ದು 1976ರ ತಿದ್ದುಪಡಿಯಲ್ಲಿ, ಸೆಕ್ಷನ್ 13ಬಿ.

(3/3)

ನಮ್ಮ ಸೀಮೆಯಲ್ಲಿ ಇದೆಲ್ಲ ಕೊನೆಗೆ ಬಂದು ನಿಲ್ಲೋದು ತೋಟದಲ್ಲಿ. 🌴

ನೆಟ್ಟ ತೆಂಗಿನ ಸಸಿ ಫಲಕ್ಕೆ ಬರೋಕೆ ಆರೇಳು ವರ್ಷ. ಅಷ್ಟು ವರ್ಷ ಗಂಡನ ಮನೆ ತೋಟಕ್ಕೆ ನೀರು ಕಟ್ಟಿ, ಗರಿ ಎಳೆದು, ಕೊಬ್ಬರಿ ಸುಲಿದವಳು ಹೊರಗೆ ಬರುವಾಗ ಒಂದು ಮರವೂ ಅವಳ ಹೆಸರಲ್ಲಿ ಇರಲ್ಲ. ಜೀವನಾಂಶ ಕೇಳಬಹುದು, ಮರ ಕೇಳೋದು ಕಷ್ಟ. ತವರಲ್ಲಾದ್ರೂ? ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಅಲ್ಲೂ ಅದಕ್ಕೆ ಮೊದಲೇ ಮದುವೆಯಾದವರನ್ನ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಇದು ಹುಟ್ಟಿನಿಂದಲೇ ಬರೋ ಹಕ್ಕು ಅಂತ ಖಚಿತ ಮಾಡಿತು. ಅಂದ್ರೆ ವಾಪಸ್ ಬಂದ ಅಕ್ಕ ಅಣ್ಣನ ಮನೇಲಿ ಹಂಗಿನ ಅನ್ನ ತಿಂತಿಲ್ಲ. ಅಪ್ಪನ ತೋಟದಲ್ಲಿ ಅವಳದ್ದೂ ಪಾಲಿದೆ. ಈ ಒಂದು ವಾಕ್ಯ ಗೊತ್ತಿದ್ರೆ ಮನೆಯಲ್ಲಿ ಅವಳು ತಲೆಯೆತ್ತಿ ಮಾತಾಡೋ ರೀತಿಯೇ ಬೇರೆ.

2011ರ ಜನಗಣತಿ ಪ್ರಕಾರ ದೇಶದಲ್ಲಿ ವಿಚ್ಛೇದನ ಆದವರು ಸುಮಾರು 13.6 ಲಕ್ಷ. ಕಾಗದ ಪತ್ರ ಏನೂ ಇಲ್ಲದೆ ಬೇರೆ ಬದುಕ್ತಿರೋರು ಸುಮಾರು 35 ಲಕ್ಷ. ಎರಡರಲ್ಲೂ ಹೆಂಗಸರೇ ಹೆಚ್ಚು. ಅತ್ತ ಮದುವೆಯೂ ಇಲ್ಲ, ಇತ್ತ ಬಿಡುಗಡೆಯೂ ಇಲ್ಲ. ಜಕಣಾಚಾರಿಯ ಹೆಂಡತಿ ಒಬ್ಬಳೇ ಅಲ್ಲ.

ಹಾಗಾದ್ರೆ ಇದನ್ನ ತಡ್ಕೊಳ್ಳೋದು ಹೇಗೆ? ಇತಿಹಾಸ ಓದಿದಾಗ ನನಗೆ ಕಾಣೋದು ಮೂರು.

ಒಂದು, ಸಮಯ. ಅಟ್ಟದ ಮೇಲೆ ಹಾಕಿದ ಕಾಯಿ ನೀರಿಂಗಿ ಉಂಡೆ ಕೊಬ್ಬರಿ ಆಗೋಕೆ ಹತ್ತಿರ ಹತ್ತಿರ ಒಂದು ವರ್ಷ ಕಾಯ್ತೀವಿ, ನಡುವೆ ಒಡೆದು ನೋಡಲ್ಲ. ಹತ್ತು ವರ್ಷದ ಸಂಸಾರ ಮುರಿದವರಿಗೆ ಮಾತ್ರ ಎರಡೇ ತಿಂಗಳಲ್ಲಿ "ಇನ್ನೂ ಅದೇ ಯೋಚ್ನೇನಾ?" ಅಂತೀವಿ.

ಎರಡು, ಸ್ವಂತ ದುಡಿಮೆ. ಹಳೇ ಕಾಲದಲ್ಲಿ ಬಿಡುಗಡೆ ಪಡೆದು ನಿಂತವರೆಲ್ಲ ಹೊಲ, ಕುರಿ, ಕೂಲಿ ಅಂತ ದುಡೀತಿದ್ದವರು. ಹೆಂಗಸಿನ ಕೈಗೆ ಕೆಲಸ ಇಲ್ಲದ ಮನೆಗಳಲ್ಲೇ ನಿಯಮ ಹೆಚ್ಚು ಬಿಗಿ ಇತ್ತು. ಓದು ನಿಲ್ಲಿಸಿ ಮದುವೆಯಾದ ಗೆಳತಿ ವಾಪಸ್ ಬಂದ್ರೆ ಮೊದಲು ಕೇಳಬೇಕಾದ್ದು "ಯಾಕೆ ಬಿಟ್ಟೆ?" ಅಂತಲ್ಲ, "ಪರೀಕ್ಷೆ ಕಟ್ತೀಯಾ?" ಅಂತ.

ಮೂರು, ಕೂರಿಸಿ ಮಾತಾಡಿಸೋ ಜನ. ಕೂಡಿಕೆಯಾದವಳನ್ನ ಹಸೆಮಣೆಯಿಂದ ದೂರ ಇಟ್ಟರಲ್ಲ, ನಾವು ಇವತ್ತೂ ಬೇರೆ ಥರ ಅದನ್ನೇ ಮಾಡ್ತೀವಿ. ಫಂಕ್ಷನ್ನಿಗೆ ಕರೆಯಲ್ಲ, ಫೋಟೋದಲ್ಲಿ ಪಕ್ಕಕ್ಕೆ ನಿಲ್ಲಿಸ್ತೀವಿ, "ಗಂಡ ಬಿಟ್ಟೋಳು" ಅಂತೀವಿ. ಸಂಬಂಧ ಮುರಿದ ಗಂಡಸಿಗೂ ಅಳೋಕೆ ಜಾಗ ಕೊಡದೆ ಕುಡಿಯೋಕೆ ಕರ್ಕೊಂಡು ಹೋಗ್ತೀವಿ. ಬದಲಾಯಿಸೋಕೆ ಇದಕ್ಕೆ ಕಾಯ್ದೆ ಬೇಕಿಲ್ಲ. ನಮ್ಮ ಬಾಯಿ ಸಾಕು.

ಯಾರಿಗಾದ್ರೂ ಬೇಕಾಗಬಹುದು, ಸೇವ್ ಮಾಡ್ಕೊಳ್ಳಿ: ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ರೂ ಉಚಿತ ಕಾನೂನು ನೆರವು ಸಿಗುತ್ತೆ, 15100. ಮನಸ್ಸು ತುಂಬಾ ಕುಸಿದಿದ್ರೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಅಜ್ಜಿಯನ್ನ ಇವತ್ತು ಸಂಜೆ ಕೇಳಿ ನೋಡಿ: "ಅಜ್ಜಿ, ಕೂಡಿಕೆ ಅಂದ್ರೇನು?" ಹೆಸರು ಬರೀದೆ, ಅವರು ಹೇಳಿದ್ದನ್ನ ಮಾತ್ರ ಕಾಮೆಂಟಲ್ಲಿ ಬರೀರಿ.

#ಕಲ್ಪತರುನಾಡಿನಕಥೆಗಳು #ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ಕೂಡಿಕೆ