ಬ್ಯೂಗಲ್‌ಗೆ ಮೂರನೆಯ ವಾಲ್ವ್

ಅಮೆರಿಕದ ಪ್ರೌಢಶಾಲೆಗಳಲ್ಲಿ ಪಾಠ ಶುರುವಾಗುವ ಮುನ್ನವೇ, ಬೇಸಿಗೆಯ ಬಿಸಿಲಿನಲ್ಲಿ, ಮಾರ್ಚಿಂಗ್ ಬ್ಯಾಂಡಿನ ತಾಲೀಮು ಶುರುವಾಗುತ್ತದೆ. ಅಲ್ಲಿ ಮೊದಲು ಪೇಚಿಗೆ ಸಿಲುಕುವವರು ಓಬೊ, ಬಸೂನ್ ಕಲಿತ ಮಕ್ಕಳು. ಜೋಡಿ ರೀಡನ್ನು ತುಟಿಗಳ ನಡುವೆ ಹಿಡಿದು ಊದುವ ಈ ವಾದ್ಯಗಳು ನಮ್ಮ ನಾಗಸ್ವರದ ದೂರದ ನೆಂಟರು. ಓಲಗದವರು ಉತ್ಸವದ ಮುಂದೆ ನಡೆಯುತ್ತಲೇ ಊದುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ದೇವರ ಪಲ್ಲಕ್ಕಿಗೆ ಅವಸರವಿಲ್ಲ. ಫುಟ್‌ಬಾಲ್ ಮೈದಾನದಲ್ಲಾದರೋ ಐದು ಗಜಕ್ಕೆ ಎಂಟು ಹೆಜ್ಜೆಯ ಲೆಕ್ಕ, ಹೆಜ್ಜೆಗೆ 22.5 ಅಂಗುಲ, ಎದೆಯನ್ನು ಪ್ರೇಕ್ಷಕರತ್ತ ಇಟ್ಟುಕೊಂಡೇ ಹಿಂದಕ್ಕೂ ಅಡ್ಡಕ್ಕೂ ಸರಿಯಬೇಕು. ಎಡವಿದರೆ ರೀಡ್ ಹಲ್ಲಿಗೆ ಬಡಿಯುತ್ತದೆ, ಚಳಿ ಬಿದ್ದರೆ ಮರ ಸೀಳುತ್ತದೆ. ಹೀಗಾಗಿ ಆ ಮಕ್ಕಳು ಫ್ಲೂಟನ್ನೋ ಸ್ಯಾಕ್ಸೊಫೋನನ್ನೋ ತಾಳವನ್ನೋ ಎತ್ತಿಕೊಳ್ಳುತ್ತಾರೆ. ಇಲ್ಲವೆ ಮೈದಾನದಂಚಿನಲ್ಲಿ ನಿಂತು ಮರಿಂಬಾ ಬಾರಿಸುವ ‘ಪಿಟ್’ ಸೇರುತ್ತಾರೆ.

ಫ್ರೆಂಚ್ ಹಾರ್ನ್‌ನವರ ತೊಂದರೆ ಬೇರೆ. ಅದರ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ನಾದವೂ ಹಿಂದಕ್ಕೇ ಹೋಗುತ್ತದೆ. ಅವರ ಕೈಗೆ ಬರುವುದು ಮುಂಬಾಯಿಯ ಮೆಲೋಫೋನ್. ಹಾರ್ನ್‌ನ ವಾಲ್ವ್‌ಗಳನ್ನು ಒತ್ತುವುದು ಎಡಗೈ, ಮೆಲೋಫೋನ್‌ನವನ್ನು ಬಲಗೈ.

ಸೌಸಫೋನ್‌ನದು ತಿರುಗುಮುರುಗಾದ ಕಥೆ. ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೌಸ ಬಯಸಿದಂತೆ ವಾದ್ಯ ತಯಾರಕ ಜೆ. ಡಬ್ಲ್ಯು. ಪೆಪ್ಪರ್ 1893ರಲ್ಲಿ ಮಾಡಿಕೊಟ್ಟ, ಮೈಗೆ ಸುತ್ತಿಕೊಳ್ಳುವ ಈ ಹಿತ್ತಾಳೆ ವಾದ್ಯದ ಬಾಯಿ ಆಕಾಶಕ್ಕೆ ತೆರೆದಿತ್ತು. ಜನ ಅದಕ್ಕೆ ಮಳೆ ಹಿಡಿಯುವ ಪಾತ್ರೆಯೆಂದು ಅಡ್ಡಹೆಸರಿಟ್ಟರು. ಸೌಸನ ಮನಸ್ಸಿನಲ್ಲಿದ್ದದ್ದು ಕಛೇರಿ. ವಾದ್ಯ ಹೆಸರಾದದ್ದು ಮೆರವಣಿಗೆಯಲ್ಲಿ.

ಆದರೆ ಯಾರು ಯಾವ ವಾದ್ಯ ಹಿಡಿಯಬೇಕೆಂಬುದನ್ನು ಹಟ ಹಿಡಿದು ತೀರ್ಮಾನಿಸಿದ್ದು ಶಾಲೆಗಳಲ್ಲ, ಡ್ರಮ್ ಕೋರ್‌ಗಳ ನಿಯಮ ಪುಸ್ತಕ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ತಮ್ಮ ಸಂಘಗಳಲ್ಲಿ ಡ್ರಮ್ಮು, ಬ್ಯೂಗಲ್ಲುಗಳ ತಂಡ ಕಟ್ಟಿದರು; ಡ್ರಮ್ ಕೋರ್ ಎಂದರೆ ಅದೇ. ಆ ಸಂಘಗಳಲ್ಲೊಂದಾದ ಅಮೆರಿಕನ್ ಲೀಜನ್ 1921ರಿಂದ ರಾಷ್ಟ್ರಮಟ್ಟದ ಸ್ಪರ್ಧೆ ನಡೆಸಿತು. ಅವರ ಬ್ಯೂಗಲ್‌ಗೆ ವಾಲ್ವ್‌ಗಳಿರಲಿಲ್ಲ. ತುಟಿಯ ಬಿಗಿತವೊಂದರಿಂದಲೇ ಹೊರಡುವ ಬೆರಳೆಣಿಕೆಯ ಸ್ವರಗಳಲ್ಲಿ ಎಂಥ ಹಾಡು ಕಟ್ಟಲಾದೀತು? 1930ರ ದಶಕದ ಹೊತ್ತಿಗೆ ಅಡ್ಡಲಾಗಿ ಒಂದು ಪಿಸ್ಟನ್ ಕೂತಿತು. ಮುಂದೆ ಅರ್ಧಸ್ವರ ಇಳಿಸುವ ರೋಟರ್ ಬಂತು. ಒಂದು ಕೈ ಪಿಸ್ಟನ್ನಿಗೆ, ಇನ್ನೊಂದು ರೋಟರಿಗೆ.

ಶಾಲೆಯಲ್ಲಿ ಮೂರು ವಾಲ್ವ್‌ಗಳ ಟ್ರಂಪೆಟ್ ಕಲಿತ ಹುಡುಗ ಬೇಸಿಗೆಯಲ್ಲಿ ಕಿರಿಯರ ಕೋರ್ ಸೇರಿದರೆ ಅವನ ಬೆರಳಿನ ಪಾಠವೆಲ್ಲ ಅರ್ಧ ವ್ಯರ್ಥವಾಗುತ್ತಿತ್ತು. ಶರತ್ಕಾಲಕ್ಕೆ ಮರಳಿದಾಗ ಮತ್ತೆ ಬೆರಳು ತಿದ್ದಿಕೊಳ್ಳಬೇಕಿತ್ತು. ಸಂಪ್ರದಾಯಸ್ಥರಿಗೆ ಇದು ಶಿಸ್ತೆನಿಸಿತ್ತು. ಹೊರಗಿನಿಂದ ನೋಡುವವರಿಗೆ ಅನಗತ್ಯ ಕಷ್ಟವೆನಿಸಿದರೆ ತಪ್ಪಿಲ್ಲ.

ಕೋರ್‌ಗಳ ಸ್ಪರ್ಧೆ ನಡೆಸಲು 1971ರಲ್ಲಿ ಹುಟ್ಟಿದ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆ ಮರುವರ್ಷ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆಸಿತು; ಗೆದ್ದವರು ಕ್ಯಾಲಿಫೋರ್ನಿಯಾದ ಅನಹೈಮ್ ಕಿಂಗ್ಸ್‌ಮೆನ್. ನಿಯಮಗಳ ಗಂಟುಗಳು ಸಡಿಲವಾದದ್ದು ಆಮೇಲೆ, ಅದೂ ಒಂದೊಂದಾಗಿ. 1977ರಲ್ಲಿ ನೇರವಾಗಿ ನಿಂತ ಎರಡು ವಾಲ್ವ್‌ಗಳಿಗೆ ಒಪ್ಪಿಗೆ. ಮೂರನೆಯದಕ್ಕೆ 1990ರವರೆಗೆ ಕಾಯಬೇಕಾಯಿತು. ಟ್ರಂಪೆಟ್ಟಿಗೆ ಮೂರು ವಾಲ್ವ್‌ಗಳು ಬಂದು ಒಂದೂವರೆ ಶತಮಾನ ಕಳೆದಿತ್ತು! ನಡುವೆ, 1980ರ ದಶಕದ ಆರಂಭದಲ್ಲಿ, ತಾಳವಾದ್ಯಗಳನ್ನು ನೆಲದ ಮೇಲಿಟ್ಟು ನುಡಿಸಲು ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಟಿಂಪನಿಯನ್ನೂ ಒಬ್ಬೊಬ್ಬರಿಗೆ ಒಂದರಂತೆ ಹೊಟ್ಟೆಗೆ ಬಿಗಿದುಕೊಂಡು ನಡೆಯುತ್ತಿದ್ದರು. ಆ ಹೊರೆ ಇಳಿದಲ್ಲೇ ಪಿಟ್ ಬೆಳೆಯಿತು, ಬಸೂನ್ ಮಕ್ಕಳಿಗೆ ತಾವು ಸಿಕ್ಕಿತು.

2000ದಲ್ಲಿ, ಬ್ಯೂಗಲ್‌ಗಳು ‘ಜಿ’ ಶ್ರುತಿಯಲ್ಲೇ ಇರಬೇಕೆಂಬ ಕಟ್ಟಳೆಯೂ ಹೋಯಿತು. ಶಾಲೆಯಲ್ಲಿ ನುಡಿಸುವ ಬಿ-ಫ್ಲಾಟ್ ಟ್ರಂಪೆಟ್ಟೇ ಕೋರ್‌ನಲ್ಲೂ ನಡೆಯುವಂತಾಯಿತು, ತಂಡಗಳು ಹಳೆಯ ಬ್ಯೂಗಲ್‌ಗಳನ್ನು ಬಿಟ್ಟವು. ಆದರೂ ಸ್ಯಾಕ್ಸೊಫೋನ್, ಕ್ಲಾರಿನೆಟ್‌ನವರಿಗೆ ಬಾಗಿಲು ಮುಚ್ಚಿಯೇ ಇತ್ತು. ಕೋರ್ ಸೇರುವ ಆಸೆಯಿದ್ದವರು ಚಳಿಗಾಲವಿಡೀ ಬ್ಯಾರಿಟೋನನ್ನೋ ಮೆಲೋಫೋನನ್ನೋ ಹೊಸದಾಗಿ ಕಲಿತು ಆಯ್ಕೆ ಪರೀಕ್ಷೆಗೆ ಹೋಗುತ್ತಿದ್ದರು.

2014ರಲ್ಲಿ ಟ್ರಾಂಬೋನ್, ಸೌಸಫೋನ್, ಫ್ರೆಂಚ್ ಹಾರ್ನ್ ಎಲ್ಲಕ್ಕೂ ಒಪ್ಪಿಗೆ ಬಂತು. ಟ್ರಾಂಬೋನ್‌ಗಳು ಕೂಡಲೇ ಅಲ್ಲಲ್ಲಿ ತಲೆಯೆತ್ತಿದವು. ಫ್ರೆಂಚ್ ಹಾರ್ನ್ ಮಾತ್ರ ಆಗೊಮ್ಮೆ ಈಗೊಮ್ಮೆ, ಕೆಲವರ ಕೈಯಲ್ಲಿ, ಮೆಲ್ಲನೆಯ ಒಂದು ತುಣುಕಿಗಷ್ಟೇ ಕಾಣಿಸಿಕೊಂಡಿತು. ನಡಿಗೆ ಬಿರುಸಾದಾಗ ಸಾಲಿನಲ್ಲಿ ಮಿಂಚಿದ್ದು ಅದೇ ಮುಂಬಾಯಿಯ ಮೆಲೋಫೋನ್.