ಶಾಸನಶೋಧ ಮತ್ತು ಶಾಲಾಮಕ್ಕಳು

ಮೈಸೂರು ಸೀಮೆಯಲ್ಲಿ ಶಾಸನಶೋಧಕ್ಕೂ ಶಾಲೆಗೂ ಹಳೆಯ ನಂಟಿದೆ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬೆಂಜಮಿನ್ ಲೂಯಿ ರೈಸ್ ಶಾಲಾ ತನಿಖೆಗೆಂದು ಊರೂರು ಸುತ್ತುತ್ತಿದ್ದ ಕಾಲದಲ್ಲೇ ಕಲ್ಬರಹಗಳಿಗೆ ಮನಸೋತು, ಮುಂದೆ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಪ್ರಕಟಿಸಿದರು. ಆದರೆ ಆ ಸಂಪುಟಗಳು ಸಿದ್ಧವಾದದ್ದು ವಿದ್ವಾಂಸರಿಗಾಗಿ; ಶಾಲೆಯ ಮಗ್ಗುಲಲ್ಲೇ ನಿಂತ ಕಲ್ಲನ್ನು ಅಲ್ಲಿನ ಮಕ್ಕಳಿಗೆ ಓದಿಸುವುದು ಅವುಗಳ ಉದ್ದೇಶವಾಗಿರಲಿಲ್ಲ.

ಮಕ್ಕಳನ್ನೇ ಈ ಕೆಲಸಕ್ಕೆ ಸೇರಿಸಿಕೊಳ್ಳುವ ಪದ್ಧತಿ ಬ್ರಿಟನ್ನಿನಲ್ಲಿ ಸಾಂಸ್ಥಿಕ ರೂಪ ಪಡೆಯಿತು. ರಸ್ತೆ, ಕಟ್ಟಡಗಳ ಕಾಮಗಾರಿಗೆ ಬಲಿಯಾಗುತ್ತಿದ್ದ ಪ್ರಾಚೀನ ನೆಲೆಗಳನ್ನು ಉಳಿಸುವ ಚಳವಳಿಯ ಬೆನ್ನಲ್ಲೇ 1972ರಲ್ಲಿ ಹುಟ್ಟಿದ 'ಯಂಗ್ ರೆಸ್ಕ್ಯೂ' ಮುಂದೆ 'ಯಂಗ್ ಆರ್ಕಿಯಾಲಜಿಸ್ಟ್ಸ್ ಕ್ಲಬ್' ಆಯಿತು. ಕರ್ನಾಟಕದ ಮಕ್ಕಳಿಗೆ ಉತ್ಖನನ, ಅಂದರೆ ನೆಲವನ್ನು ಪದರಪದರವಾಗಿ ಅಗೆದು ದಾಖಲಿಸುವ ಕೆಲಸ, ಅಷ್ಟಾಗಿ ಒಗ್ಗುವಂಥದಲ್ಲ. ಅದಕ್ಕೆ ಪರವಾನಗಿಯೂ ನುರಿತ ಕೈಗಳೂ ಬೇಕು. ಇಲ್ಲಿ ಅವರಿಗೆ ಹೊಂದುವುದು ನೆಲದ ಮೇಲೆಯೇ ಇರುವ ವೀರಗಲ್ಲುಗಳ, ಅಂದರೆ ಕಾದಿ ಮಡಿದವನ ನೆನಪಿಗೆ ನೆಟ್ಟ ಕಲ್ಲುಗಳ, ಅಧ್ಯಯನ.

ಅನೇಕ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವೂ ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರೂ ಮೇಲೆ ಶಿವಲಿಂಗದ ಪೂಜೆಯೂ ಇರುವುದರಿಂದ, ಹಳಗನ್ನಡ ಬಾರದ ಹತ್ತು ವರ್ಷದ ಮಗುವೂ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬಲ್ಲದು. ಪಡಿಯಚ್ಚು ತೆಗೆಯುವಾಗ, ಅಂದರೆ ತೊಳೆದ ಕಲ್ಲಿಗೆ ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳಿಗೆ ಇಳಿಸಿ, ಮೇಲೆ ಮಸಿ ಒತ್ತುವಾಗ, ಕಪ್ಪು ಹಾಳೆಯಲ್ಲಿ ಅಕ್ಷರಗಳು ಬೆಳ್ಳಗೆ ಏಳುವುದನ್ನು ಅವರು ಕಣ್ಣಾರೆ ನೋಡಬಹುದು. ಅಕ್ಷರ ಎದ್ದುಕಾಣಲೆಂದು ಕಲ್ಲಿಗೆ ಬಣ್ಣ ಬಳಿಯುವ ಹಿರಿಯರ ಚಟವನ್ನು ಮಾತ್ರ ಅವರು ಕಲಿಯಬಾರದು.

ಬೆಂಗಳೂರಿನ ಹೆಬ್ಬಾಳದಲ್ಲಿ ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ, ಕಿತ್ತಯ್ಯನ ವೀರಗಲ್ಲು 2018ರಲ್ಲಿ ಚರಂಡಿ ಕಾಮಗಾರಿಯ ನಡುವೆ ಬೆಳಕಿಗೆ ಬಂದಾಗ ಅದನ್ನು ಉಳಿಸಲು ಮುಂದಾದವರು ಸಾಮಾನ್ಯ ನಾಗರಿಕರು. ಇಂಥ ಕಲ್ಲುಗಳಿಗೆ ಸರಕಾರಿ ಕಾವಲಿಗಿಂತ ದಿನವೂ ಹಾದುಹೋಗುವವರ ಕಣ್ಣೇ ಹೆಚ್ಚು ಆಸರೆ, ಶಾಲೆಗೆ ನಡೆದುಹೋಗುವ ಮಕ್ಕಳದಂತೂ ತಪ್ಪದ ಹಾಜರಿ. ಕಲ್ಲು ಇರುವ ಜಾಗ, ಅದು ಮುಖಮಾಡಿದ ದಿಕ್ಕು, ಎತ್ತರ ಅಗಲ, ಊರಿನ ಅಜ್ಜಿಯರು ಅದನ್ನು ಕರೆಯುವ ಹೆಸರು, ಇಷ್ಟನ್ನು ತಾರೀಖಿನೊಡನೆ ಬರೆದಿಟ್ಟ ಶಾಲೆಯ ನೋಟುಬುಕ್ಕು, ಕಲ್ಲು ಮುಂದೆ ಕದಲಿದರೂ ಕಳೆದುಹೋದರೂ, ಸಂಶೋಧಕರಿಗೆ ಮೂಲ ದಾಖಲೆಯೇ ಆಗುತ್ತದೆ.